ಕಂಬಳಿ ಜಾಕೀಟಿಗೆ ಅಸ್ತರು

ನಮ್ಮ ಅಜ್ಜ ಗಿರಣಿ ಬಟ್ಟೆ ಮುಟ್ಟಿದವರಲ್ಲ. 1930ರ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಖಾದಿ ತೊಟ್ಟವರು, ಆಮೇಲೆ ಬೇರೆ ನೂಲನ್ನು ಮೈಗೆ ಸೋಕಿಸಲಿಲ್ಲ. ಅಂಥವರು 1976ರ ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ, ರೊಟ್ಟಿ ಮುರಿಯುತ್ತ, ‘ನನಗೊಂದು ಜಾಕೀಟು ಹೊಲಿಸಬೇಕಲ್ಲ’ ಎಂದುಬಿಟ್ಟರು. ಅಪ್ಪ ತಲೆಯೆತ್ತಿ ನೋಡಿದರು. ಧೋತರ, ಅಂಗಿ, ಟೊಪ್ಪಿಗೆ ಬಿಟ್ಟು ನಾಲ್ಕನೆಯ ಬಟ್ಟೆಯ ಮಾತು ಅಜ್ಜನ ಬಾಯಲ್ಲಿ ಬಂದದ್ದು ಅದೇ ಮೊದಲು.

ಕಾರಣ ಪ್ರಯಾಗ. ಬರುವ ಜನವರಿಯಲ್ಲಿ ಅಲ್ಲಿ ಕುಂಭಮೇಳ. ಓಣಿಯ ಹಿರಿಯರೊಂದಿಷ್ಟು ಮಂದಿ ಸೇರಿ ಹೊರಟಿದ್ದರು. ಅಜ್ಜನಿಗೆ ಗಂಗೆಯ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ, ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಇತ್ತು. ಜೀವಮಾನದಲ್ಲಿ ಏನನ್ನೂ ಕೇಳದ ಆಯಿ ಇದೊಂದನ್ನು ಕೇಳಿದ್ದಳು. ಪ್ರಯಾಗದ ಜನವರಿ ಅಂದರೆ ಧಾರವಾಡದ ಜನವರಿಯಲ್ಲ, ಬೆಳಗಿನ ಜಾವ ಎಂಟೊಂಬತ್ತು ಡಿಗ್ರಿಗೆ ಇಳಿಯುತ್ತದೆ, ನದಿಯ ದಂಡೆಯ ಮರಳಲ್ಲಿ ಡೇರೆ ಹೊಡೆದು ಮಲಗಬೇಕು. ಅಪ್ಪ, ‘ಒಂದು ಸ್ವೆಟರ್ ತರ್ತೀನಿ’ ಅಂದರು. ‘ಅದರ ನೂಲು ಯಾರು ತೆಗದಾರ? ಯಂತ್ರ ತೆಗದೈತಿ’ ಎಂದು ಅಜ್ಜ ಆ ಮಾತನ್ನು ಅಲ್ಲೇ ಮುಗಿಸಿದರು.

ಅವರ ತಲೆಯಲ್ಲಿ ಆಗಲೇ ಲೆಕ್ಕ ಆಗಿತ್ತು. ಹೊರಗೆ ಕಂಬಳಿ, ಒಳಗೆ ಧಾರವಾಡದ ಪಕ್ಕದ ಗರಗ ಊರಿನ ಹತ್ತಿ ಖಾದಿ.

ಈಗಿನವರಿಗೆ ಕಂಬಳಿ ಅಂದರೆ ಮಳಿಗೆಯಲ್ಲಿ ಸಿಗುವ ಬಣ್ಣದ ಮೆತ್ತನೆ ರಗ್ಗು. ನಾನು ಹೇಳುವುದು ಕುರುಬರ ಕಂಬಳಿಯನ್ನು. ದಖ್ಖನಿ ಕುರಿಯ ಕರಿ ಉಣ್ಣೆ, ಬಣ್ಣ ಹಾಕುವ ಮಾತೇ ಇಲ್ಲ. ಹೆಂಗಸರು ಕೈಯಲ್ಲಿ ನೂಲು ತೆಗೆಯುತ್ತಾರೆ, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಾರೆ. ಹಾಸಿನ ಎಳೆ ಕಿತ್ತುಹೋಗದಂತೆ ಹುಣಸೆಬೀಜದ ಗಂಜಿ ತಿನ್ನಿಸಿರುತ್ತಾರೆ. ಹಾಗಾಗಿ ಹೊಸ ಕಂಬಳಿ ಸೆಡೆದು ನಿಂತಿರುತ್ತದೆ, ಚುಚ್ಚುತ್ತದೆ, ಕುರಿಯ ವಾಸನೆ ಹೊಡೆಯುತ್ತದೆ. ಆದರೆ ಮಳೆಗೆ ಸುಲಭಕ್ಕೆ ಜಗ್ಗುವುದಿಲ್ಲ. ಆಷಾಢದಲ್ಲಿ ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಹೊಲದಲ್ಲಿ ನಿಂತವರನ್ನು ನೋಡಿದವರಿಗೆ ಗೊತ್ತು. ಅಜ್ಜನ ವಾದ ಸರಳವಾಗಿತ್ತು. ಗಾಂಧೀಜಿ ಖಾದಿ ಅನ್ನುವ ಮೊದಲೇ ಕುರುಬರು ಖಾದಿ ನೇಯುತ್ತಿದ್ದರು. 1956ರ ಖಾದಿ ಆಯೋಗದ ಕಾಯದೆಯಲ್ಲೂ ಹತ್ತಿ, ರೇಷ್ಮೆ, ಉಣ್ಣೆ ಮೂರನ್ನೂ ಹೇಳಿದ್ದಾರೆ, ನೂಲನ್ನು ಕೈಯಲ್ಲಿ ತೆಗೆದಿರಬೇಕು, ಕೈಮಗ್ಗದಲ್ಲಿ ನೇಯ್ದಿರಬೇಕು, ಅಷ್ಟೇ. ಕಾಯದೆಯ ಈ ಸಾಲನ್ನು ಅಜ್ಜ ಎಷ್ಟು ಸಲ ಹೇಳುತ್ತಿದ್ದರೆಂದರೆ ನಮಗೆ ಮಗ್ಗಿಯ ಜೊತೆ ಅದೂ ಬಾಯಿಪಾಠವಾಗಿತ್ತು.

ಸಂತೆಯಿಂದ ಕಂಬಳಿ ಬಂತು. ಆಯಿ ಅದನ್ನು ತಣ್ಣೀರಿನಲ್ಲಿ ನೆನೆಹಾಕಿ, ಅಂಟವಾಳದ ನೊರೆಯಲ್ಲಿ ತುಳಿದು, ಗಂಜಿ ಬಿಡುವವರೆಗೆ ತೊಳೆದಳು. ಬಿಸಿನೀರು ಹಾಕಬಾರದು, ಹಾಕಿದರೆ ಉಣ್ಣೆ ಕುಗ್ಗಿ ಗಂಟುಗಟ್ಟುತ್ತದೆ. ನೆರಳಲ್ಲಿ ಹಾಸಿ ಒಣಗಿಸಿದ ಮೇಲೆ ಅದಕ್ಕೊಂದು ಮೃದುತನ ಬಂತು. ಮೃದು ಅಂದರೆ ಕಂಬಳಿಯ ಮಟ್ಟಿಗೆ. ಗರಗದ ಖಾದಿಯನ್ನೂ ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟಳು. ಹೊಲಿದಾದ ಮೇಲೆ ಒಂದು ಬಟ್ಟೆ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಜಾಕೀಟು ಸೊಟ್ಟ ಮೋರೆ ಮಾಡುತ್ತದೆ. ಎರಡು ಪದರದ ಬಟ್ಟೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಇದು, ಎಲ್ಲರೂ ಬಿಡುವ ಕೆಲಸವೂ ಇದೇ.

ಟೇಲರ್ ಅಂಗಡಿ ನಮ್ಮ ಓಣಿಯ ತುದಿಗೇ ಇತ್ತು. ಅಜ್ಜ ಶಾಲೆಯ ಮಾಸ್ತರು, ಅವರು ಟೇಲರ್ ಮಾಸ್ತರು. ಒಬ್ಬರಿಗೊಬ್ಬರು ‘ಮಾಸ್ತರ’ ಅಂತಲೇ ಕರೆದುಕೊಳ್ಳುತ್ತಿದ್ದರು. ಒಂದು ಕಾಲಕ್ಕೆ ಟೇಲರ್ ಮಾಸ್ತರು ಅಜ್ಜನ ಶಾಲೆಯಲ್ಲೇ ನಾಲ್ಕನೇ ಇಯತ್ತೆವರೆಗೆ ಕಲಿತು ಬಿಟ್ಟವರು. ಆ ಲೆಕ್ಕದ ಮೇಲೆ ಗೌರವವೂ ಇತ್ತು, ಸಲಿಗೆಯೂ ಇತ್ತು. ಅಂಗಡಿಯಲ್ಲಿ ಕರಿ ಸಿಂಗರ್ ಮಷೀನು, ಒಂದು ಉದ್ದನೆ ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಗೆ. ಇಸ್ತ್ರಿಪೆಟ್ಟಿಗೆಗೆ ಕೆಂಡ ಬೇಕಲ್ಲ, ಅದಕ್ಕಾಗಿ ಅದು ಸಂಜೆ ಪೂರ್ತಿ ಉರಿಯುತ್ತಿತ್ತು. ಚಳಿಗಾಲದಲ್ಲಿ ಓಣಿಯ ಅರ್ಧ ಗಂಡಸರು ಬಟ್ಟೆ ಹೊಲಿಸುವ ನೆಪವಿಲ್ಲದೆಯೂ ಅಲ್ಲಿ ಬಂದು ಕೂರುತ್ತಿದ್ದರು. ಇಂದಿರಾ ಗಾಂಧಿಯ ತುರ್ತುಪರಿಸ್ಥಿತಿ ಜಾರಿಯಲ್ಲಿದ್ದ ದಿನಗಳು, ರಾಜಕೀಯದ ಮಾತು ಬಂದರೆ ದನಿ ತಗ್ಗುತ್ತಿತ್ತು. ನನಗೆ ಬಾಬಿನ್‌ಗೆ ದಾರ ಸುತ್ತುವ ಕೆಲಸ ಸಿಕ್ಕಿತ್ತು. ಶಾಲೆ ಬಿಟ್ಟ ಕೂಡಲೇ ಓಡಿಹೋಗಿ ಅಗ್ಗಿಷ್ಟಿಗೆಯ ಪಕ್ಕ ಕೂರುತ್ತಿದ್ದೆ. ನಾನು ಹೇಳುತ್ತಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲಿ ಕೂತು ಕಂಡದ್ದು, ಕೇಳಿದ್ದು.

ಟೇಲರ್ ಮಾಸ್ತರು ಕಂಬಳಿಯನ್ನು ಕೈಯಲ್ಲಿ ಹಿಸುಕಿ ನೋಡಿದರು. ‘ಮಾಸ್ತರ, ಇದನ್ನ ಹೊದಕೊಳ್ಳಾಕ ಮಾಡ್ಯಾರ. ಕತ್ತರಿಗೆ ಕೊಡಾಕಲ್ಲ.’

‘ಹೊದಕೊಂಡ್ರ ಕೈ ಒಳಗ ಹೊಕ್ಕಾವು. ನನಗ ಕೈ ಹೊರಗ ಬೇಕು, ಆಕೀ ಗಂಟು ಹಿಡೀಬೇಕಲ್ಲ’ ಎಂದರು ಅಜ್ಜ.

ಅಲ್ಲಿಗೆ ಕಂಬಳಿಯ ಜಗಳ ಮುಗಿದು ಅಸ್ತರಿನ ಜಗಳ ಶುರುವಾಯಿತು. ಮೈಗೆ ಖಾದಿ ಅಸ್ತರು ಕೊಡುವುದಕ್ಕೆ ಟೇಲರ್ ಮಾಸ್ತರ ಅಡ್ಡಿ ಇರಲಿಲ್ಲ. ತೋಳಿಗೆ ಮಾತ್ರ ಬೇಡ ಅಂದರು. ತೋಳಿನ ಒಳಗೆ ಜಾರುವ ಬಟ್ಟೆಯೇ ಇರಬೇಕು, ಸಾಟಿನ್ ಆದರೂ ಆಗಲಿ, ರೇಷ್ಮೆ ಆದರೂ ಆಗಲಿ. ಒಳ್ಳೆಯ ಕೋಟು ಹೊಲಿಯುವವರು ಮೈಯ ಅಸ್ತರು ಬೇರೆ, ತೋಳಿನ ಅಸ್ತರು ಬೇರೆ ಹಾಕುವುದು ಮೊದಲಿಂದ ಬಂದ ಪದ್ಧತಿ. ಮೈ ಒಂದೇ ಕಡೆ ನಿಂತಿರುತ್ತದೆ, ತೋಳು ದಿನಕ್ಕೆ ನೂರು ಸಲ ಒಳಗೆ ಹೊರಗೆ ಆಡುತ್ತದೆ. ಒರಟು ಅಂಗಿಯ ಮೇಲೆ ಒರಟು ಅಸ್ತರು ಬಂದರೆ ಎರಡೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ.

‘ಸಾಟಿನ್ ಗಿರಣೀದು’ ಎಂದರು ಅಜ್ಜ.

‘ಒಳಗ ಇರ್ತೈತ್ರಿ, ಯಾರಿಗೆ ಕಾಣ್ತೈತಿ?’

‘ನನಗ ಕಾಣ್ತೈತಿ.’

ಟೇಲರ್ ಮಾಸ್ತರು ಮತ್ತೆ ಮಾತಾಡಲಿಲ್ಲ. ಗಿರಾಕಿ ಹೇಳಿದಂತೆ ಹೊಲಿದು ತೋರಿಸುವುದೇ ಅವನಿಗೆ ಪಾಠ ಕಲಿಸುವ ದಾರಿ ಎಂದು ನಂಬಿದವರು ಅವರು.

ಕತ್ತರಿಸುವುದನ್ನು ನಾನು ಬಾಯಿ ತೆರೆದು ನೋಡಿದೆ. ಒಂದೇ ನಮೂನೆಯ ಕಾಗದ ಇಟ್ಟು ಎರಡೂ ಬಟ್ಟೆ ಕತ್ತರಿಸಿದರೆ ಆಯಿತು ಎಂದುಕೊಂಡಿದ್ದೆ. ಅವರು ಹಾಗೆ ಮಾಡಲಿಲ್ಲ. ಅಸ್ತರಿನ ಬೆನ್ನಿಗೆ ನಡುವೆ ಒಂದಿಂಚು ಹೆಚ್ಚು ಬಿಟ್ಟು, ಅದನ್ನು ಕುತ್ತಿಗೆಯಿಂದ ಕೆಳಗೆ ನೆರಿಗೆಯಾಗಿ ಮಡಿಚಿದರು. ಮನುಷ್ಯ ಎರಡೂ ಕೈ ಮುಂದೆ ಚಾಚಿದಾಗ ಬೆನ್ನು ಅಗಲವಾಗುತ್ತದೆ. ಕಂಬಳಿ ಹಿಗ್ಗುತ್ತದೆ, ಬಿಗಿಯಾಗಿ ನೇಯ್ದ ಹತ್ತಿ ಬಟ್ಟೆ ಹಿಗ್ಗುವುದಿಲ್ಲ. ಒಳಗೆ ಆ ನೆರಿಗೆ ಇಲ್ಲದಿದ್ದರೆ ಮೊದಲ ದಿನವೇ ಕಂಕುಳಲ್ಲಿ ಚರ್ರೆನ್ನುತ್ತದೆ. ಉದ್ದದಲ್ಲಿ ಮಾತ್ರ ಅಸ್ತರು ಕಡಿಮೆ, ಕೆಳ ಅಂಚಿನಿಂದ ಮುಕ್ಕಾಲು ಇಂಚು ಮೇಲೇ ನಿಲ್ಲಬೇಕು, ಇಲ್ಲದಿದ್ದರೆ ಹೊರಗೆ ಇಣುಕುತ್ತದೆ. ಕಾಲರಿಗೂ ಹಾಗೆಯೇ: ಮೇಲೆ ಕಾಣುವ ತುಂಡು ಅಡಿಯ ತುಂಡಿಗಿಂತ ಒಂದು ಗೀರಿನಷ್ಟು ದೊಡ್ಡದು. ದಪ್ಪ ಬಟ್ಟೆ ಮಡಚುವಲ್ಲಿ ಅಷ್ಟನ್ನು ತಾನೇ ತಿಂದುಬಿಡುತ್ತದೆ.

ಕಂಬಳಿಗೆ 18 ನಂಬರಿನ ಸೂಜಿ ಹಾಕಿದರು. ಭುಜದ ಹತ್ತಿರ ಪದರಗಳು ಒಟ್ಟಾದಲ್ಲಿ ಅದೂ ಮುರಿಯಿತು. ಮತ್ತೊಂದು ಹಾಕಿ, ಪೆಡಲಿನಿಂದ ಕಾಲು ತೆಗೆದು, ಗಾಲಿಯನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ದಾಟಿಸಿದರು. ಹೊಲಿದ ಮೇಲೆ ಒಳಗಿನ ಮಾರ್ಜಿನ್ನನ್ನು ಒಂದೇ ಸಮನೆ ಬಿಡಲಿಲ್ಲ. ಒಂದು ಪದರ ಕಾಲಿಂಚು, ಅದರ ಮೇಲಿನದು ಅದಕ್ಕಿಂತ ಸ್ವಲ್ಪ ಕಡಿಮೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರು, ಹೊರಗಿನಿಂದ ಹೊಲಿಗೆಯ ಉಬ್ಬು ಕಾಣದಂತೆ. ಆಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಸ್ತ್ರಿ ಇಟ್ಟರು. ಹಬೆ ಎದ್ದಿತು, ಅದರ ಜೊತೆ ಅಂಗಡಿ ತುಂಬ ಕುರಿ ವಾಸನೆ ಎದ್ದಿತು. ಅಗ್ಗಿಷ್ಟಿಗೆಯ ಸುತ್ತ ಕೂತವರಲ್ಲಿ ಒಬ್ಬರು, ‘ಮಾಸ್ತರ, ಇದು ಟೇಲರ್ ಅಂಗಡಿನೋ ಕುರಿದೊಡ್ಡಿನೋ?’ ಎಂದರು.

ಉಣ್ಣೆಯ ಗುಣವೇ ಅದು, ಹಬೆ ತಾಕಿದರೆ ಹೇಳಿದ ಮಾತು ಕೇಳುತ್ತದೆ. ತೋಳಿನ ತಲೆಯ ಸುತ್ತಳತೆ ಮುಂಡಾದ, ಅಂದರೆ ತೋಳು ಕೂರುವ ಕಂಡಿಯ, ಸುತ್ತಳತೆಗಿಂತ ದೊಡ್ಡದಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಬೀಳದ ಹಾಗೆ ಹಬೆಯಲ್ಲೇ ಕುಗ್ಗಿಸಿ ಕೂರಿಸುತ್ತಾರೆ. ಆ ದುಂಡು ಬಂದರೆ ಅದು ಕೋಟು, ಬರದಿದ್ದರೆ ಅದು ಚೀಲ. ಈಗ ನಾವು ಕೊಳ್ಳುವ ಸಿದ್ಧ ಜಾಕೀಟುಗಳ ಒಳಗೆ ಅಂಟು ಹಚ್ಚಿದ ಕ್ಯಾನ್ವಾಸನ್ನು ಬಿಸಿಯಲ್ಲಿ ಒತ್ತಿ ಕೂರಿಸಿರುತ್ತಾರೆ. ನಾಲ್ಕು ಸಲ ಒಗೆದರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ. ನಾನು ಅಂಥದನ್ನು ತೊಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ, ಇರಲಿ.

ಟ್ರಯಲ್‌ಗೆ ಅಜ್ಜ ಬಂದ ಸಂಜೆ ಅಂಗಡಿ ತುಂಬಿತ್ತು. ಕಚ್ಚಾ ಹೊಲಿಗೆಯ ಬಿಳಿ ದಾರ ಅಲ್ಲಲ್ಲಿ ಇಳಿಬಿದ್ದಿದ್ದ ಜಾಕೀಟನ್ನು ಟೇಲರ್ ಮಾಸ್ತರು ಹಿಂದಿನಿಂದ ಹಿಡಿದರು. ಅಜ್ಜ ಬಲಗೈ ತೂರಿಸಿದರು. ಮುಂಗೈ ಹೋಯಿತು, ಮೊಣಕೈ ಹತ್ತಿರ ನಿಂತಿತು. ಒತ್ತಿ ತಳ್ಳಿದರು. ಕೈ ಹೋಯಿತು, ಆದರೆ ಅಂಗಿಯ ತೋಳೆಲ್ಲ ಸುರುಳಿಯಾಗಿ ಹೆಗಲಿಗೆ ಏರಿ ಕೂತಿತು. ಎಡಗೈ ಇನ್ನೂ ಕಷ್ಟ. ಖಾದಿ ಅಂಗಿ ಖಾದಿ ಅಸ್ತರನ್ನು ಹಿಡಿದು ಬಿಡಲಿಲ್ಲ. ಟೇಲರ್ ಮಾಸ್ತರು ಒಳಗಿನಿಂದ ಅಂಗಿಯ ತುದಿ ಜಗ್ಗಬೇಕಾಯಿತು. ಕೊನೆಗೆ ಅಜ್ಜ ಎರಡೂ ತೋಳು ತುಂಬಿಕೊಂಡು, ಕೈ ಮಡಚಲಾಗದೆ, ರೆಕ್ಕೆ ಬಿಚ್ಚಿದ ಕಾಗೆಯ ಹಾಗೆ ನಿಂತರು. ನಾನು ನಕ್ಕೆ. ನಕ್ಕದ್ದು ನಾನೊಬ್ಬನೇ ಅಲ್ಲ.

‘ತಗೀರಿ’ ಎಂದರು ಅಜ್ಜ. ತೆಗೆಯುವುದು ತೊಡುವುದಕ್ಕಿಂತ ದೊಡ್ಡ ರಾದ್ಧಾಂತವಾಯಿತು.

ಆಮೇಲಿನ ಚರ್ಚೆ ಅಗ್ಗಿಷ್ಟಿಗೆಯ ಸುತ್ತ ಕೂತವರಿಗೆಲ್ಲ ಹಂಚಿಕೆಯಾಯಿತು. ಒಬ್ಬರು ಇಳಕಲ್ಲಿನ ರೇಷ್ಮೆ ಹಾಕಿರಿ, ಅದು ಕೈಮಗ್ಗದ್ದೇ ಅಲ್ಲವೆ ಅಂದರು. ಅಜ್ಜ ಒಪ್ಪಲಿಲ್ಲ. ಕೈಮಗ್ಗ ಬೇರೆ, ಖಾದಿ ಬೇರೆ. ಮಗ್ಗ ಕೈಯದಾದರೂ ನೂಲು ಗಿರಣಿಯದಾದರೆ ನೂಲುವವಳ ಹೊಟ್ಟೆಗೆ ಏನು ಬಂತು? ಅಜ್ಜನ ತಕರಾರು ಬಟ್ಟೆಯದಲ್ಲ, ಆ ನೂಲುವವಳದ್ದು. ಇದನ್ನು ನಾನು ದೊಡ್ಡವನಾದ ಮೇಲೆ ಅರ್ಥಮಾಡಿಕೊಂಡೆ, ಇವತ್ತಿಗೂ ಒಪ್ಪುತ್ತೇನೆ. ಹಾಗಾದರೆ ಖಾದಿ ಭಂಡಾರದಲ್ಲಿ ಸಿಗುವ ರೇಷ್ಮೆ? ಅದನ್ನು ತರಿಸಿ ನೋಡಿದರು. ಕೈಯಲ್ಲಿ ನೂತ ಗಂಟುಗಂಟಿನ ರೇಷ್ಮೆ, ಅದೂ ಜಾರಲಿಲ್ಲ. ಗೂಡಿನಿಂದ ಒಂದೇ ಎಳೆಯಾಗಿ ಬಿಚ್ಚಿದ ರೇಷ್ಮೆ ಜಾರುತ್ತದೆ. ಹರಿದ ಗೂಡುಗಳನ್ನು ಹಿಂಜಿ ನೂತ ರೇಷ್ಮೆ ಹತ್ತಿಯ ತಂಗಿ.

ಆಯಿ ಇಷ್ಟೂ ದಿನ ಒಂದು ಮಾತೂ ಆಡಿರಲಿಲ್ಲ. ಮರುದಿನ ಸಂಜೆ, ಸೆರಗು ಹೊದ್ದುಕೊಂಡು, ಅವಳೇ ಅಂಗಡಿಗೆ ಬಂದಳು. ಅವಳು ಅಲ್ಲಿಗೆ ಬಂದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಕೂತಿದ್ದ ಗಂಡಸರು ಎದ್ದು ಜಾಗ ಬಿಟ್ಟರು. ಅವಳು ಬಗಲಲ್ಲಿದ್ದ ಗಂಟನ್ನು ಟೇಬಲ್ಲಿನ ಮೇಲೆ ಬಿಚ್ಚಿದಳು. ಬೇವಿನ ಸೊಪ್ಪಿನ ಒಣ ಪುಡಿ ಉದುರಿತು. ಒಳಗೊಂದು ಇಳಕಲ್ ಸೀರೆ, ಕರಿ ಹಸಿರು ಮೈ, ಕೆಂಪು ಸೆರಗು.

ಅಜ್ಜ ಅಗ್ಗಿಷ್ಟಿಗೆಯ ಪಕ್ಕ ಕೂತಿದ್ದರು. ನೋಡಿದರು. ‘ಇದು ಎಲ್ಲೀದು?’

‘ನನ್ನ ಮದಿವೀದು.’

‘ಅದನ್ನ ಅವತ್ತ ಹೋಳಿಗೆ ಹಾಕಿದ್ವಿ.’

‘ನೀವ್ ಹಾಕಿದ್ದು ನನ್ನ ತವರಿನ ಬ್ಯಾರೆ ಸೀರಿ. ಕತ್ತಲಾಗಿತ್ತು, ನಿಮಗ ಗೊತ್ತಾಗ್ಲಿಲ್ಲ.’

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1921ರ ಜುಲೈ ಕೊನೆಗೆ ಮುಂಬೈಯ ಪರಳದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಕಿಚ್ಚು ಹಚ್ಚಿಸಿದ ಮೇಲೆ, ಅಂಥ ಹೋಳಿ ಊರೂರಿಗೂ ಬಂತು. ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಮತ್ತೊಮ್ಮೆ ಬಂತು. ಆಗ ಧಾರವಾಡ ಜಿಲ್ಲೆ ಮುಂಬೈ ಇಲಾಖೆಯಲ್ಲಿತ್ತು. ಅಜ್ಜ ಆಗಷ್ಟೇ ಮದುವೆಯಾದ ಹುಡುಗ. ಊರ ಚಾವಡಿಯ ಮುಂದೆ ಬೆಂಕಿ ಹಾಕಿದ ರಾತ್ರಿ ಮನೆಯ ಸಂದೂಕ ತೆರೆದು ಇದ್ದಬದ್ದ ಬಟ್ಟೆಯನ್ನೆಲ್ಲ ಹೊತ್ತೊಯ್ದರು. ಆಯಿಯ ಮದುವೆ ಸೀರೆ ಇಳಕಲ್ಲಿನಲ್ಲಿ ನೇಯ್ದದ್ದೇ ಆದರೂ ಸೆರಗಿನ ರೇಷ್ಮೆ ವಿದೇಶದ್ದು. ಆ ಕಾಲಕ್ಕೆ ಚೀನ ಜಪಾನಿನ ಅಗ್ಗದ ರೇಷ್ಮೆ ಬಂದು ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರ ಕತ್ತು ಹಿಸುಕುತ್ತಿತ್ತು, ಅದು ನಿಜ. ಅಜ್ಜನ ಲೆಕ್ಕದಲ್ಲಿ ಅದು ಸುಡತಕ್ಕದ್ದು. ಸುಟ್ಟೆವು ಅಂತಲೇ ನಮಗೆಲ್ಲ ಹೇಳುತ್ತ ಬಂದಿದ್ದರು. ‘ನಿಮ್ಮ ಆಯಿ ತನ್ನ ಮದಿವಿ ಸೀರಿನ ದೇಶಕ್ಕ ಕೊಟ್ಟಾಕಿ’ ಎಂದು ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಭಾಷಣದಲ್ಲೂ ಹೇಳಿದ್ದರು. ಆ ಬೆಂಕಿಯಾದ ಸ್ವಲ್ಪ ದಿನಕ್ಕೆ ಅವರನ್ನು ಹಿಂಡಲಗಾ ಜೈಲಿಗೆ ಒಯ್ದರು. ಬಿಡುಗಡೆಯಾಗಿ ಬಂದಾಗ ಆಯಿ ಖಾದಿ ಉಟ್ಟೇ ಬಾಗಿಲು ತೆರೆದಳು, ಆಮೇಲೂ ಖಾದಿಯನ್ನೇ ಉಟ್ಟಳು. ಈ ಸೀರೆ ಮಾತ್ರ ಮೊದಲು ಕಾಳಿನ ಹಗೇವಿನ ಬಾಯಲ್ಲಿ, ಆಮೇಲೆ ಅಟ್ಟದ ಮೇಲೆ ಬೇಳೆಯ ಡಬ್ಬಿಯ ಹಿಂದೆ ಇತ್ತಂತೆ. ವರ್ಷಕ್ಕೊಮ್ಮೆ ಬೇವಿನ ಸೊಪ್ಪು ಬದಲಿಸುತ್ತಿದ್ದಳು.

ಅಂಗಡಿಯಲ್ಲಿ ಎಲ್ಲರೂ ಕೆಂಡ ನೋಡುತ್ತ ಕೂತರು. ಒಬ್ಬರು ಬೀಡಿ ಹಚ್ಚಲು ಹೋಗಿ ಮತ್ತೆ ಜೇಬಿಗೆ ಹಾಕಿಕೊಂಡರು.

‘ಇದನ್ನ ತೊಡು ಅಂತೀಯೇನು ನನಗ?’ ಎಂದರು ಅಜ್ಜ.

‘ತೋಳಿನ ಒಳಗ ಇರ್ತೈತಿ. ಕಾಣಂಗಿಲ್ಲ.’

‘ನನಗ ಗೊತ್ತಿರ್ತೈತಲ್ಲ.’

‘ನನಗೂ ನಲವತ್ತೈದ ವರ್ಷ ಗೊತ್ತಿತ್ರಿ’ ಎಂದಳು ಆಯಿ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಳೆ ಎಷ್ಟು ಸೇರು ಉಳಿದಿದೆ ಎಂದು ಹೇಳುವ ದನಿ ಅದು. ಅಜ್ಜ ಎದ್ದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ನಾನು ಯಾರ ಹಿಂದೆ ಹೋಗಲಿ ಎಂದು ತಿಳಿಯದೆ ಬಾಬಿನ್ ಹಿಡಿದುಕೊಂಡು ಕೂತೆ. ಅಜ್ಜ ಒಳ್ಳೆಯವರು, ಆದರೆ ಆ ತ್ಯಾಗದ ಕತೆಯನ್ನು ಅಷ್ಟು ಸಲ ಹೇಳುವ ಮುಂಚೆ ಸೀರೆ ಉಟ್ಟವಳನ್ನು ಒಂದು ಮಾತು ಕೇಳಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಟೇಲರ್ ಮಾಸ್ತರು ಏನೂ ಆಗದವರಂತೆ ಸೀರೆಯನ್ನು ದೀಪದ ಕೆಳಗೆ ಹರಡಿದರು. ಇಳಕಲ್ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಮಗ್ಗದ ಮೇಲೆ ಈ ಎರಡು ಹಾಸುಗಳನ್ನು ಒಂದೊಂದು ಎಳೆಗೂ ಕೊಂಡಿ ಹಾಕಿ ಸೇರಿಸುತ್ತಾರೆ. ಅವರು ಹೆಬ್ಬೆರಳನ್ನು ಆ ಗಡಿಯ ಮೇಲೆ ಎಳೆದರು. ‘ಇಲ್ಲಿಂದ ಆಚೆ ನಮಗ ಬ್ಯಾಡ, ಇದು ಹತ್ತಿ. ಈಚೆ ಸೆರಗಷ್ಟ ಸಾಕು.’ ಸೆರಗು ಕೆಂಪು ನೆಲ, ಅದರ ಮೇಲೆ ಬಿಳಿ ತೆನಿ, ಟೋಪ ತೆನಿ ಅನ್ನುತ್ತಾರಲ್ಲ, ಅದು. ಅಳೆದರೆ ಎರಡು ತೋಳಿಗೆ ಸರಿಯಾಗಿ ಸಾಲುವಷ್ಟಿತ್ತು, ಒಂದು ಗೇಣೂ ಹೆಚ್ಚಿಲ್ಲ.

ಕಷ್ಟ ಇದ್ದದ್ದು ಮಡಿಕೆಯಲ್ಲಿ. ರೇಷ್ಮೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಆ ಗೆರೆಯುದ್ದಕ್ಕೂ ಎಳೆ ಸತ್ತಿರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಜಗ್ಗಿದರೆ ಪಿಸಿದುಹೋಗುತ್ತದೆ. ಟೇಲರ್ ಮಾಸ್ತರು ನಮೂನೆಯನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ, ಕಡೆಗೆ ಸತ್ತ ಗೆರೆಗಳೆಲ್ಲ ಮಾರ್ಜಿನ್ನಿಗೆ ಬರುವಂತೆ ಇಟ್ಟರು. ತಪ್ಪಿಸಲಾಗದೆ ಒಂದು ಗೆರೆ ಎಡ ತೋಳಿನ ನಡುವೆ ಬಂತು. ಅದರ ಹಿಂದೆ ತೆಳು ಮಲ್‌ಮಲ್ ಪಟ್ಟಿಯನ್ನಿಟ್ಟು ಕೈಯಲ್ಲಿ ಹೊಲಿದರು. ಕತ್ತರಿ ಎತ್ತಿ ಆಯಿಯ ಮುಖ ನೋಡಿದರು.

‘ಕತ್ತರಸ್ರಿ ಮಾಸ್ತರ. ಇನ್ನ ಯಾರು ಉಡಬೇಕೈತಿ ಅದನ್ನ’ ಎಂದಳು.

ಅವತ್ತು ರಾತ್ರಿ ಅಂಗಡಿ ತಡವಾಗಿ ಮುಚ್ಚಿತು. ಕಂಬಳಿಯ ಸೂಜಿ ತೆಗೆದು 11 ನಂಬರಿನದು ಹಾಕಿದರು. ರೇಷ್ಮೆ ಮಷೀನಿನ ಕಾಲಿನ ಕೆಳಗೆ ಅತ್ತಿತ್ತ ಓಡುತ್ತದೆ, ಹಾಗಾಗಿ ಅಡಿಗೆ ಹಳೆಯ ಪೇಪರಿನ ಪಟ್ಟಿ ಇಟ್ಟು, ಪೇಪರಿನ ಸಮೇತ ಹೊಲಿದು, ಆಮೇಲೆ ಪೇಪರನ್ನು ಹರಿದು ತೆಗೆದರು. ಖಾದಿಯ ತೋಳನ್ನು ಬಿಚ್ಚಿ ತೆಗೆದು, ರೇಷ್ಮೆ ತೋಳನ್ನು ಕಂಬಳಿಯ ತೋಳಿನೊಳಗೆ ಇಳಿಬಿಟ್ಟು, ಮುಂಡಾದ ಸುತ್ತ ಖಾದಿ ಅಸ್ತರಿಗೆ ಕೈಹೊಲಿಗೆ ಹಾಕಿದರು. ಅಲ್ಲಿ ಮಷೀನು ಕೆಲಸಕ್ಕೆ ಬರುವುದಿಲ್ಲ. ಕಂಕುಳ ಅತಿ ಹೆಚ್ಚು ಆಡುವ ಜಾಗ, ಕೈಹೊಲಿಗೆ ಎಳೆದಾಗ ಸ್ವಲ್ಪ ಸಡಿಲ ಕೊಡುತ್ತದೆ. ಮುಂಗೈ ತುದಿಯಲ್ಲೂ ಅಸ್ತರಿಗೆ ಸಣ್ಣದೊಂದು ಮಡಿಕೆ ಉಳಿಸಿದರು, ಕೈ ಚಾಚಿದಾಗ ಬಿಚ್ಚಿಕೊಳ್ಳಲು. ಆಯಿ ಅಗ್ಗಿಷ್ಟಿಗೆಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ಟೇಲರ್ ಮಾಸ್ತರಿಗೆ ಆಗಲೇ ಕಣ್ಣು ಮಂಜು, ಅವಳಿಗೆ ಇರಲಿಲ್ಲ.

ನಾವು ಹೊರಡುವ ಮುಂಚೆ ಟೇಲರ್ ಮಾಸ್ತರು ಒಂದು ಎಚ್ಚರಿಕೆ ಹೇಳಿದರು: ‘ನುಸಿ ಹುಳ ಜ್ವಾಕಿ. ಅದಕ ಉಣ್ಣಿನೂ ಬೇಕು, ರೇಶ್ಮಿನೂ ಬೇಕು.’ ಅದು ಸತ್ಯವಾಯಿತು. ಅಜ್ಜ ಹೋದ ಎಷ್ಟೋ ವರ್ಷಗಳ ಮೇಲೆ ಟ್ರಂಕು ತೆರೆದಾಗ ಕಂಬಳಿ ಜರಡಿಯಾಗಿತ್ತು, ತೋಳಿನ ಕೆಂಪು ಪುಡಿಯಾಗಿತ್ತು. ಹತ್ತಿಯನ್ನು ಆ ಹುಳ ತಿನ್ನುವುದಿಲ್ಲ. ಗರಗದ ಖಾದಿ ಬೆನ್ನಿನ ನೆರಿಗೆಯ ಸಮೇತ ಹಾಗೇ ಇತ್ತು. ವಾದದಲ್ಲಿ ಗೆದ್ದವರು ಅಜ್ಜನೇ ಅನ್ನಬೇಕು, ಆದರೆ ಗೆದ್ದದ್ದನ್ನು ನೋಡಲು ಅವರಿರಲಿಲ್ಲ.

ಇರಲಿ, ಕತೆಗೆ ಬರುತ್ತೇನೆ. ಎರಡು ದಿನ ಅಜ್ಜ ಅಂಗಡಿಯ ಕಡೆ ಸುಳಿಯಲಿಲ್ಲ. ಮನೆಯಲ್ಲೂ ಮಾತು ಕಡಿಮೆ. ಚರಕದ ಮುಂದೆ ಕೂರುತ್ತಿದ್ದರು, ಎಳೆ ಹರಿಯುತ್ತಿತ್ತು, ಮತ್ತೆ ಕೂಡಿಸುತ್ತಿದ್ದರು. ಮೂರನೆಯ ಸಂಜೆ ಟೇಲರ್ ಮಾಸ್ತರೇ ಜಾಕೀಟನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಪಡಸಾಲೆಯಲ್ಲಿ ನಿಂತು, ‘ಮಾಸ್ತರ, ನಾನು ನಾಲ್ಕನೇತ್ತಾ ಕಲ್ತಾಂವ, ನಿಮಗ ಬುದ್ಧಿ ಹೇಳಾಕ ಬಂದಿಲ್ಲ. ಅವತ್ತ ಸುಟ್ಟಿದ್ರ ಬೂದಿ ಆಗ್ತಿತ್ತು. ಈಗ ಚಳಿಗೆ ಬರ್ತೈತಿ. ಬ್ಯಾಡ ಅಂದ್ರ ಹೇಳ್ರಿ, ಬಿಚ್ಚಿ ಕೊಡ್ತೀನಿ. ಮಜೂರಿ ಮಾತ್ರ ಎರಡು ಸಲದ್ದು ಕೊಡಬೇಕು’ ಎಂದರು.

ಅಜ್ಜ ಎದ್ದು ನಿಂತು ಕೈ ಹಿಂದೆ ಚಾಚಿದರು. ಬಲಗೈ ಜಾರಿ ಹೋಯಿತು, ಎಡಗೈಯೂ ಜಾರಿ ಹೋಯಿತು. ಅಂಗಿಯ ತೋಳು ಇದ್ದಲ್ಲೇ ಇತ್ತು. ಭುಜ ಕುಣಿಸಿ ನೋಡಿದರು, ಕೈ ಮೇಲೆತ್ತಿದರು, ಮುಂದೆ ಚಾಚಿದರು. ಕಾಜಾಕ್ಕೆ ಗುಂಡಿ ಸಿಕ್ಕಿಸಿಕೊಂಡರು. ‘ಹಗುರ ಐತಿ’ ಎಂದರು. ಅಷ್ಟು ದಪ್ಪ ಕಂಬಳಿ ಹಗುರವಾಗಿರಲು ಸಾಧ್ಯವೇ ಇಲ್ಲ. ಆದರೆ ತೋಳು ಕಚ್ಚದಿದ್ದರೆ ಭಾರ ಗೊತ್ತಾಗುವುದಿಲ್ಲ, ಇದು ಕೋಟು ತೊಟ್ಟ ಯಾರಾದರೂ ಒಪ್ಪುವ ಮಾತು.

ಮಜೂರಿಯನ್ನು ಅಜ್ಜ ಎರಡು ಸಲದ್ದೇ ಕೊಟ್ಟರು. ಟೇಲರ್ ಮಾಸ್ತರು ಒಂದು ಸಲದ್ದನ್ನು ತಿರುಗಿ ಆಯಿಯ ಕೈಗಿಟ್ಟು, ‘ಸಂಗಮದಾಗ ನನ್ನ ಹೆಸರ್ಲೆ ಒಂದು ಮುಳುಗು ಹಾಕ್ರಿ ವೈನಿ’ ಎಂದು ನಗುತ್ತ ಹೋದರು.

ಜನವರಿಯಲ್ಲಿ ಧಾರವಾಡದಿಂದ ಮೀಟರ್ ಗೇಜ್ ಗಾಡಿ ಹತ್ತಿ, ಮಿರಜಿನಲ್ಲಿ ಇಳಿದು, ದೊಡ್ಡ ಗಾಡಿ ಹಿಡಿದು ಹೋದರು. 19ನೆಯ ತಾರೀಖು ಮೌನಿ ಅಮಾವಾಸ್ಯೆ. ಅದರ ಹಿಂದಿನ ದಿನವೇ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದ್ದರು. ಮೌನದ ಸ್ನಾನಕ್ಕೆ ಬಂದ ಜನ ಇಡೀ ದಿನ ಅದನ್ನೇ ಮಾತಾಡಿದರು ಎಂದು ಅಜ್ಜ ಬಂದು ನಕ್ಕರು. ಜಾಕೀಟನ್ನು ಸ್ನಾನಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತೆಗೆಯಲಿಲ್ಲವಂತೆ. ಡೇರೆಯಲ್ಲಿ ಬೆಂಕಿಯ ಮುಂದೆ ಕೂತಾಗ ಒಂದು ರಾತ್ರಿ ಮುಂಗೈ ಮಡಚಿದ್ದರಂತೆ, ಕೆಂಪು ಸೆರಗು ಹೊರಗೆ ಬಂದು, ಪಕ್ಕದ ಬಿಹಾರಿ ಮುದುಕ ಇದು ಎಲ್ಲಿಯ ಬಟ್ಟೆ ಎಂದು ಕೇಳಿದನಂತೆ. ‘ನನ್ನ ಹೆಂಡತೀದು’ ಅಂದರಂತೆ ಅಜ್ಜ. ಇದನ್ನು ಅಜ್ಜ ಹೇಳಲಿಲ್ಲ, ಆಯಿ ಹೇಳಿದ್ದು.

ಆ ವರ್ಷದ ಆಗಸ್ಟ್ ಹದಿನೈದರ ಭಾಷಣದಲ್ಲಿ ಸೀರೆಯ ಕತೆ ಬರಲಿಲ್ಲ. ಅದಕ್ಕೂ ಮೊದಲು, ಯುಗಾದಿಗೆ, ಅಜ್ಜ ಖಾದಿ ಭಂಡಾರಕ್ಕೆ ಹೋಗಿ ಆಯಿಗೊಂದು ರೇಷ್ಮೆ ಸೀರೆ ತಂದರು. ಕೈಯಲ್ಲಿ ನೂತ ರೇಷ್ಮೆಯದೇ, ಕಾಯದೆಗೆ ಸರಿಯಾಗಿ. ಆಯಿ ಅದನ್ನು ಉಟ್ಟು ಪಡಸಾಲೆಗೆ ಬಂದಳು, ಸೊಂಟದ ಹತ್ತಿರ ಒಮ್ಮೆ ಕೆರೆದುಕೊಂಡಳು, ಇನ್ನೊಮ್ಮೆ ಕೆರೆದುಕೊಂಡಳು.

‘ಚಲೋ ಐತ್ರಿ’ ಎಂದಳು. ‘ಟೇಲರ್ ಮಾಸ್ತರ್‌ನ ಕೇಳ್ರಿ, ಇದಕ್ಕೂ ಅಸ್ತರ ಹಚ್ಚತಾರೇನು.’